ರೀಟ್ರೈ ಹಾಕಿದ್ದೀನಿ, ಆದರೂ ರೇಟ್ ಬರ್ತಿಲ್ಲ: ಅಸಿಂಕ್ ಕೋಡ್‌ನಲ್ಲಿ ದೋಷ ಹುಡುಕುವ ಬಗೆ

ಮೆಕ್ಕೆಜೋಳದ ಸುಗ್ಗಿ ಶುರುವಾದ ಮೇಲೆ ಸಂಜೆ ಆರೂಕಾಲಿಗೆ ಫೋನ್ ಬಂದರೆ ಯಾರದೆಂದು ನೋಡುವುದೇ ಬೇಡ. "ಏನ್ ಸಾರ್, ಚಳ್ಳಕೆರೇದು ಇವತ್ತೂ ನಿನ್ನೆ ರೇಟೇ ತೋರಿಸ್ತೈತಲ್ರೀ?" ದಾವಣಗೆರೆ ಎಪಿಎಂಸಿ ಯಾರ್ಡಿನ ದಲ್ಲಾಳಿಯೊಬ್ಬರು. ಅವರಿಗೂ ಇನ್ನೂ ನಾಲ್ಕೈದು ಅಂಗಡಿಗೂ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ದಿನಾ ಸಂಜೆ 6:05ಕ್ಕೆ ಅದು ಎದ್ದು ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಹೀಗೆ ಹತ್ತು ಊರಿನ ಧಾರಣೆ ಕೇಳುತ್ತದೆ. ಊರಿಗೆ ಹದಿನೆಂಟು ಸರಕು, ಒಟ್ಟು 180 ರಿಕ್ವೆಸ್ಟ್. ರೇಟ್ ಕೊಡುವ ಸರ್ವರ್ ನಮ್ಮದಲ್ಲ. ಸಂಜೆ ಆರಕ್ಕೆ ಎಲ್ಲರೂ ಅದರ ಬಾಗಿಲು ಬಡಿಯುತ್ತಾರೋ ಏನೋ, ಆ ಹೊತ್ತಿಗೇ ಅದಕ್ಕೆ ತಲೆಸುತ್ತು ಬರುತ್ತದೆ.

"ರೀಟ್ರೈ ಹಾಕಿದೀನಲ್ಲಣ್ಣ, ಮೂರು ಸರಿ" ಅಂದ ನನ್ನ ಜೊತೆ ಕೆಲಸ ಮಾಡುವ ಹುಡುಗ. ರೀಟ್ರೈ ಅಂದರೆ ಉತ್ತರ ಸರಿಯಾಗಿ ಸಿಗದಿದ್ದರೆ ಮತ್ತೆ ಕೇಳುವುದು. ಹಾಕಿದ್ದ, ನಿಜ. ಕೋಡ್‌ನಲ್ಲಿ ಕಣ್ಣಿಗೆ ಕಾಣುವ ಹಾಗೆ ಇತ್ತು. ಆದರೆ ಒಂದು ಸಲವೂ ಓಡಿರಲಿಲ್ಲ.

ಆ ಸುಗ್ಗಿಯಲ್ಲಿ ನಾವು ಒಂದಾದ ಮೇಲೊಂದು ಹಿಡಿದ ದೋಷಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಭಾಷೆ ಪೈಥಾನ್, ರಿಕ್ವೆಸ್ಟ್ ಕಳಿಸುವ ಲೈಬ್ರರಿ ಎಐಒ-ಎಚ್‌ಟಿಟಿಪಿ. ಕೋಡ್ ಅಸಿಂಕ್, ಅಂದರೆ ಒಂದರ ಉತ್ತರಕ್ಕೆ ಕಾಯುವಾಗಲೇ ಉಳಿದ ಕೆಲಸ ನಡೆಸುವ ಬಗೆ. ನೀವು ಜಾವಾಸ್ಕ್ರಿಪ್ಟ್‌ನವರಾದರೂ ಅರ್ಧಕ್ಕಿಂತ ಹೆಚ್ಚು ನಿಮಗೂ ಹೊಂದುತ್ತದೆ. ಹುಡುಕುವ ದಾರಿ ಮಾತ್ರ ಎಲ್ಲಕ್ಕೂ ಒಂದೇ: ಒಂದು ಪ್ರಯತ್ನಕ್ಕೂ ಮುಂದಿನ ಪ್ರಯತ್ನಕ್ಕೂ ನಡುವೆ ಎಷ್ಟು ಹೊತ್ತು ಕಳೆದಿದೆ ಅನ್ನುವುದನ್ನು ಓದುವುದು. ವೈದ್ಯರು ನಾಡಿ ಹಿಡಿದ ಹಾಗೆ ಅಂದುಕೊಳ್ಳಿ. ಎರಡನೇ ಪ್ರಯತ್ನವೇ ಇಲ್ಲದಿದ್ದರೆ ಒಂದು ರೋಗ, ಅಂತರ ಸೊನ್ನೆಯಾದರೆ ಇನ್ನೊಂದು, ಎಲ್ಲರದ್ದೂ ಒಂದೇ ಆದರೆ ಮತ್ತೊಂದು.

ಮೊದಲು ಎರಡು ತಯಾರಿ

ಕೋಡ್ ಮುಟ್ಟುವ ಮೊದಲು ಲಾಗ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ, ಸರಿ ಮಾಡಿ. ಕೊನೆಯಲ್ಲಿ "ಫೇಲ್ ಆಯಿತು" ಅಂತ ಒಂದು ಸಾಲು ಬರೆದರೆ ಅದರಿಂದ ಏನೂ ತಿಳಿಯದು. ಒಂದೊಂದು ಪ್ರಯತ್ನಕ್ಕೂ ಒಂದೊಂದು ಸಾಲು ಬೇಕು. ಮಿಲಿಸೆಕೆಂಡ್ ಸಮೇತ ಸಮಯ, ಯಾವ ರಿಕ್ವೆಸ್ಟ್, ಎಷ್ಟನೇ ಪ್ರಯತ್ನ, ಏನಾಯಿತು, ಎಷ್ಟು ಹೊತ್ತು ಹಿಡಿಯಿತು, ಮುಂದಿನದಕ್ಕೆ ಎಷ್ಟು ಕಾಯುತ್ತೇವೆ. ಆರೋಗ್ಯವಾಗಿರುವ ರೀಟ್ರೈ ಹೀಗೆ ಕಾಣುತ್ತದೆ (503 ಅಂದರೆ ಸರ್ವರ್ "ಈಗ ಆಗಲ್ಲ" ಅಂದದ್ದು, 200 ಅಂದರೆ ಸರಿಯಾದ ಉತ್ತರ):

18:05:02.114 | ಚಳ್ಳಕೆರೆ ಶೇಂಗಾ | ಪ್ರಯತ್ನ 1 | 503 | 0.38 ಸೆ. | ಕಾಯುವುದು 1.2 ಸೆ.
18:05:03.731 | ಚಳ್ಳಕೆರೆ ಶೇಂಗಾ | ಪ್ರಯತ್ನ 2 | 503 | 0.41 ಸೆ. | ಕಾಯುವುದು 2.7 ಸೆ.
18:05:06.786 | ಚಳ್ಳಕೆರೆ ಶೇಂಗಾ | ಪ್ರಯತ್ನ 3 | 200 | 0.35 ಸೆ. | ಮುಗಿಯಿತು

ಎರಡನೇ ತಯಾರಿ, ಬೇಕೆಂದೇ ಕೆಡುವ ಒಂದು ಸರ್ವರ್. ನಿಮ್ಮದೇ ಮಶೀನಿನಲ್ಲಿ, 127.0.0.1ರಲ್ಲಿ, ಇಪ್ಪತ್ತು ಸಾಲಿನಲ್ಲಿ ಬರೆದುಬಿಡಬಹುದು. ಒಂದು ವಿಳಾಸ ಮೊದಲೆರಡು ಸಲ 503 ಕೊಟ್ಟು ಮೂರನೇ ಸಲ ಸರಿಯಾಗಿ ಉತ್ತರಿಸಲಿ. ಇನ್ನೊಂದು ಉತ್ತರವನ್ನೇ ಕೊಡದೆ ಸುಮ್ಮನೆ ಕೂತಿರಲಿ. ಮತ್ತೊಂದು ಮಾತಿನ ನಡುವೆ ಕನೆಕ್ಷನ್ ಕಡಿಯಲಿ. ಮೂರೂ ತಮಗೆ ಬಂದ ರಿಕ್ವೆಸ್ಟ್ ಎಣಿಸಲಿ. ಬೇರೆಯವರ ಸರ್ವರ್ ಕೆಡುವುದನ್ನೇ ಕಾಯುತ್ತಾ ಕೂತರೆ ದಿನಕ್ಕೆ ಒಂದು ಪರೀಕ್ಷೆ ಆಗುತ್ತದೆ, ಅದೂ ಸಂಜೆ ಆರಕ್ಕೆ, ದಲ್ಲಾಳಿಯವರು ಲೈನಿನಲ್ಲಿರುವಾಗ. ನಾವು ಮೊದಲ ಒಂದು ವಾರ ಹಾಗೇ ಕಳೆದೆವು, ಅದಕ್ಕೇ ಹೇಳುತ್ತಿದ್ದೇನೆ.

ಎರಡನೇ ಸಾಲೇ ಇಲ್ಲ

ಲಾಗ್‌ನಲ್ಲಿ ಪ್ರಯತ್ನ 1 ಮಾತ್ರ ಇದೆ, ಪ್ರಯತ್ನ 2 ಇಲ್ಲ. ಪರೀಕ್ಷೆಯ ಸರ್ವರ್ ಎಣಿಸಿದ್ದೂ ಒಂದೇ. ಅಂದರೆ ರೀಟ್ರೈ ಕೋಡ್‌ಗೆ ತಪ್ಪಾಯಿತು ಅನ್ನುವ ಸುದ್ದಿಯೇ ಮುಟ್ಟಿಲ್ಲ, ಇಲ್ಲವೇ ಎರಡನೇ ಪ್ರಯತ್ನ ಹೊರಡುವ ಮೊದಲೇ ಸತ್ತಿದೆ. ಇದಕ್ಕೆ ಮೂರು ಕಾರಣ ನೋಡಿದ್ದೇನೆ, ಮೂರೂ ನಮ್ಮದೇ ಕೋಡ್‌ನಲ್ಲಿ.

ಸುಲಭದ್ದು ಮೊದಲು. 503 ಬಂದರೆ ಎಕ್ಸೆಪ್ಷನ್, ಅಂದರೆ ತಪ್ಪಾಯಿತು ಅನ್ನುವ ಕೂಗು, ಏಳುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಎಐಒ-ಎಚ್‌ಟಿಟಿಪಿ ತಾನಾಗಿ ಎಬ್ಬಿಸುವುದಿಲ್ಲ. ಸರ್ವರ್ ಮಾತಾಡಿತು, "ಆಗಲ್ಲ" ಅಂದಿತು, ಲೈಬ್ರರಿಯ ಲೆಕ್ಕದಲ್ಲಿ ಅದೂ ಒಂದು ಉತ್ತರವೇ. 'ರೈಸ್ ಫಾರ್ ಸ್ಟೇಟಸ್' ಕರೆಯಬೇಕು, ಇಲ್ಲವೇ 503ರಂಥ ಸ್ಟೇಟಸ್ ಕೋಡ್ ನಾವೇ ನೋಡಬೇಕು. ಬ್ರೌಸರಿನಲ್ಲಿ ರಿಕ್ವೆಸ್ಟ್ ಕಳಿಸುವ 'ಫೆಚ್' ಕೂಡ ಇದೇ ಜಾತಿ: 404, 500 ಬಂದರೂ ಪ್ರಾಮಿಸ್, ಅಂದರೆ ಆಮೇಲೆ ಉತ್ತರ ಕೊಡುತ್ತೇನೆ ಅನ್ನುವ ವಚನ, ಸರಿಯಾಗಿಯೇ ಈಡೇರುತ್ತದೆ, 'ಓಕೆ' ಅನ್ನುವ ಗುಣ ನೋಡುವ ಜವಾಬ್ದಾರಿ ನಮ್ಮದು.

ಎರಡನೆಯದು ಹುಡುಗನ ದೋಷ. ನನ್ನದೂ ಅನ್ನಬೇಕು, ರೀಟ್ರೈ ಇದ್ದದ್ದು ಒಂದು ಡೆಕೊರೇಟರ್‌ನಲ್ಲಿ, ಅಂದರೆ ಬೇರೆ ಫಂಕ್ಷನ್ ಮೇಲೆ ಹೊದಿಸುವ ಫಂಕ್ಷನ್‌ನಲ್ಲಿ, ಅದು ಐದು ವರ್ಷದ ಹಿಂದೆ ಸಾಮಾನ್ಯ ಫಂಕ್ಷನ್‌ಗಳಿಗಾಗಿ ನಾನೇ ಬರೆದದ್ದು. ಒಳಗೊಂದು ಲೂಪ್, ಅದರೊಳಗೆ ಟ್ರೈ, ಅದರೊಳಗೆ ಫಂಕ್ಷನ್ ಕರೆದು ಬಂದದ್ದನ್ನು ರಿಟರ್ನ್ ಮಾಡುವುದು, ತಪ್ಪಾದರೆ ಹಿಡಿದು ಮತ್ತೆ ಸುತ್ತುವುದು. ಅದನ್ನೇ ಅವನು ಅಸಿಂಕ್ ಫಂಕ್ಷನ್ ಮೇಲೆ ಕೂರಿಸಿದ. ಅಸಿಂಕ್ ಫಂಕ್ಷನ್ ಕರೆದ ಕ್ಷಣಕ್ಕೆ ಓಡುವುದಿಲ್ಲ. ಕೈಗೊಂದು ಕೊರುಟೀನ್, ಅಂದರೆ ಇನ್ನೂ ಶುರುವಾಗದ ಕೆಲಸ, ಕೊಟ್ಟು ಸುಮ್ಮನಾಗುತ್ತದೆ. ಯಾರಾದರೂ ಅವೇಟ್ ಮಾಡಿದಾಗಲೇ, ಅಂದರೆ ಅದರ ಫಲಕ್ಕೆ ಕಾದಾಗಲೇ, ಕೆಲಸ ಶುರು.

ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಟೋಕನ್ ತೆಗೆದುಕೊಳ್ಳುವುದನ್ನು ನೆನೆಸಿಕೊಳ್ಳಿ. ಟೋಕನ್ ಕೈಗೆ ಬಂತು ಅಂದರೆ ದೋಸೆ ಆಯಿತು ಅಂತಲ್ಲ. ನನ್ನ ಡೆಕೊರೇಟರ್ ಟೋಕನ್ ಸಿಕ್ಕಿದ್ದು ನೋಡಿ, ತಪ್ಪೇನೂ ಆಗಲಿಲ್ಲ ಅಂದುಕೊಂಡು ಮನೆಗೆ ಹೊರಟುಬಿಡುತ್ತಿತ್ತು. ದೋಸೆ ಸೀದದ್ದು ಆಮೇಲೆ, ಒಳಗೆ, ಹಂಚಿನ ಮೇಲೆ. ಆ ಹೊತ್ತಿಗೆ ಟ್ರೈ ಬ್ಲಾಕ್ ಮುಗಿದು ಯಾವ ಕಾಲವಾಗಿತ್ತೋ.

ಸರಿಪಡಿಸಲು ಬೇಕಾದದ್ದು ಎರಡೇ ಪದ. ಡೆಕೊರೇಟರ್‌ನ ಒಳಗಿನ ಫಂಕ್ಷನ್ ಕೂಡ ಅಸಿಂಕ್ ಆಗಬೇಕು, ಮತ್ತು ಟ್ರೈ ಒಳಗೆ ಬರೀ 'ರಿಟರ್ನ್' ಅನ್ನುವ ಕಡೆ 'ರಿಟರ್ನ್ ಅವೇಟ್' ಅನ್ನಬೇಕು. ಜಾವಾಸ್ಕ್ರಿಪ್ಟ್‌ನಲ್ಲೂ ಇದೇ ಗುಂಡಿ ಇದೆ. ಟ್ರೈ ಒಳಗೆ ಅವೇಟ್ ಇಲ್ಲದೆ ಪ್ರಾಮಿಸ್ ರಿಟರ್ನ್ ಮಾಡಿದರೆ ಪಕ್ಕದ ಕ್ಯಾಚ್‌ಗೆ ತಪ್ಪಿನ ಗಂಧವೂ ಸಿಗದು. ಕೆಟ್ಟದ್ದೇನೆಂದರೆ ಇಲ್ಲಿ ಯಾವ ಎಚ್ಚರಿಕೆಯೂ ಬರುವುದಿಲ್ಲ. ಎಲ್ಲ ಚೆನ್ನಾಗಿದ್ದ ದಿನ ರೇಟ್ ಬರುತ್ತದೆ, ಡೆಕೊರೇಟರ್ ಕೆಲಸ ಮಾಡುತ್ತಿದೆ ಅನ್ನಿಸುತ್ತದೆ. ನನಗೆ ಐದು ವರ್ಷ ಅನ್ನಿಸಿತ್ತು.

ಮೂರನೆಯದರಲ್ಲಿ ಎರಡನೇ ಪ್ರಯತ್ನ ಶುರುವಾಗುತ್ತದೆ, ಆದರೆ ಸರ್ವರ್ ತಲುಪುವ ಮೊದಲೇ ಸಾಯುತ್ತದೆ. ಬರುವ ಎರರ್ "ಕೆನಾಟ್ ರೀಯೂಸ್ ಆಲ್ರೆಡಿ ಅವೇಟೆಡ್ ಕೊರುಟೀನ್". ರೀಟ್ರೈ ಫಂಕ್ಷನ್‌ಗೆ ಕೊರುಟೀನನ್ನೇ ಕೊಟ್ಟಿದ್ದೀರಿ. ಒಂದು ಟೋಕನ್‌ಗೆ ಒಂದೇ ದೋಸೆ. ಮತ್ತೆ ಬೇಕೆಂದರೆ ಹೊಸ ಟೋಕನ್. ಹಾಗಾಗಿ ಕೊರುಟೀನ್ ಬದಲು ಅದನ್ನು ಹುಟ್ಟಿಸುವ ಫಂಕ್ಷನ್ ಕೊಡಿ, ರೀಟ್ರೈ ಒಳಗೆ ಸಲಕ್ಕೊಮ್ಮೆ ಕರೆದುಕೊಳ್ಳಲಿ. "ಎಲ್ಲ ಎಕ್ಸೆಪ್ಷನ್ ಹಿಡಿ" ಅಂತ ಬರೆದಿದ್ದರೆ ಈ ಎರರ್ ಕೂಡ ಸರ್ವರ್ ತಪ್ಪಿನ ಲೆಕ್ಕಕ್ಕೆ ಹೋಗಿ, ಪ್ರಯತ್ನ 2, 3 ಸೊನ್ನೆ ಸೆಕೆಂಡಿನಲ್ಲಿ ಸೋತಂತೆ ಕಾಣುತ್ತವೆ. "ಎಷ್ಟು ಹೊತ್ತು ಹಿಡಿಯಿತು" ಅನ್ನುವ ಕಾಲಂ ಲಾಗ್‌ನಲ್ಲಿ ಇರಲೇಬೇಕು ಅಂದದ್ದು ಇದಕ್ಕೇ. ದಾವಣಗೆರೆಯಿಂದ ಯಾವ ಸರ್ವರ್‌ಗೂ 0.000 ಸೆಕೆಂಡಿನಲ್ಲಿ ಹೋಗಿ ಬರಲಾಗದು.

ಸಾಲುಗಳಿವೆ, ನಡುವೆ ಅಂತರವೇ ಇಲ್ಲ

ಪ್ರಯತ್ನ 1, 2, 3 ಎಲ್ಲವೂ 18:05:02ರಲ್ಲೇ. ಕಾಯಬೇಕಾದವರು ಕಾಯುತ್ತಿಲ್ಲ.

ನಾವು ಹಳೆಯ ಡೆಕೊರೇಟರ್ ಕಿತ್ತುಹಾಕಿ ಟೆನಾಸಿಟಿ ಅನ್ನುವ ಲೈಬ್ರರಿ ತಂದೆವು. ಒಳ್ಳೆಯ ಲೈಬ್ರರಿ, ಅಸಿಂಕ್ ಫಂಕ್ಷನ್ ಕಂಡರೆ ತಾನೇ ಗುರುತಿಸಿ ಅವೇಟ್ ಮಾಡುತ್ತದೆ. ಆದರೆ ಏನೂ ಹೇಳದೆ ಬರೀ 'ರೀಟ್ರೈ' ಅಂತ ಕೂರಿಸಿದರೆ ಅದು ನಡುವೆ ಒಂದು ಕ್ಷಣವೂ ಕಾಯದೆ, ಕೊನೆಯೇ ಇಲ್ಲದೆ ಪ್ರಯತ್ನಿಸುತ್ತದೆ. ಎಷ್ಟು ಸಲಕ್ಕೆ ನಿಲ್ಲಬೇಕು, ಹೇಗೆ ಕಾಯಬೇಕು, ಯಾವ ತಪ್ಪಿಗೆ ಮಾತ್ರ ಅನ್ನುವ ಮೂರನ್ನೂ ಬಾಯಿಬಿಟ್ಟು ಹೇಳಬೇಕು. ಕೊನೆಗೂ ಸೋತಾಗ ಅದು ತನ್ನದೇ 'ರೀಟ್ರೈ ಎರರ್' ಅನ್ನುವ ಚೀಲದಲ್ಲಿ ಮೂಲ ಎರರ್ ತುಂಬಿ ಕೊಡುತ್ತದೆ. ಮೂಲವೇ ಬೇಕಿದ್ದರೆ 'ರೀರೈಸ್' ಆನ್ ಮಾಡಿ.

ಕೈಯಾರೆ ಬರೆದ ಲೂಪ್ ಆದರೆ, ಕಾಯಲು ಬಳಸುವ 'ಅಸಿಂಕ್‌ಐಒ ಸ್ಲೀಪ್' ಮುಂದೆ ಅವೇಟ್ ಮರೆತಿದ್ದೀರಾ ನೋಡಿ. "ವಾಸ್ ನೆವರ್ ಅವೇಟೆಡ್" ಅನ್ನುವ ಎಚ್ಚರಿಕೆ ಬಂದಿರುತ್ತದೆ, ಲಾಗ್ ಫೈಲ್‌ಗೆ ಹೋಗದೆ ಯಾರೂ ನೋಡದ ಟರ್ಮಿನಲ್‌ಗೆ.

ಇವೆರಡೂ ಅರ್ಧ ಗಂಟೆಯಲ್ಲಿ ಸಿಕ್ಕವು. ನಮ್ಮನ್ನು ಮೂರು ದಿನ ಆಡಿಸಿದ್ದು ಬೇರೆ. ಕ್ಲೌಡ್‌ನಲ್ಲಿ ಓಡಿಸಿದರೆ ಅಂತರ ಸರಿ ಇರುತ್ತಿತ್ತು. ಅದೇ ಕೋಡ್ ನಮ್ಮ ರೂಮಿನ ಮಶೀನ್‌ನಲ್ಲಿ ಸೊನ್ನೆ. ಅದೂ 429 ಬಂದಾಗ ಮಾತ್ರ, 503ಕ್ಕೆ ಅಲ್ಲ.

429 ಅಂದರೆ "ಅತಿಯಾಯಿತು, ಸ್ವಲ್ಪ ತಡಿ". ಅದರ ಜೊತೆ ಸರ್ವರ್ 'ರೀಟ್ರೈ ಆಫ್ಟರ್' ಅನ್ನುವ ಹೆಡರ್ ಕಳಿಸಬಹುದು. ಅದರಲ್ಲಿ ಬರುವುದು ಎರಡು ಬಗೆ: ಇಷ್ಟು ಸೆಕೆಂಡ್ ಅಂತ ಬರೀ ಸಂಖ್ಯೆ, ಅಥವಾ ಇಂಥ ಹೊತ್ತಿನ ನಂತರ ಬಾ ಅಂತ ತಾರೀಖು ಸಮೇತ ಗಳಿಗೆ. ಎರಡನೆಯದು ಯಾವಾಗಲೂ ಜಿಎಂಟಿಯಲ್ಲಿ. ಬಹಳ ಕೋಡ್‌ಗಳು ಸಂಖ್ಯೆ ಒಂದನ್ನೇ ನಿರೀಕ್ಷಿಸಿ, ತಾರೀಖು ಬಂದಾಗ ಅದನ್ನೂ ಸಂಖ್ಯೆ ಮಾಡಲು ಹೋಗಿ ರೀಟ್ರೈ ಒಳಗೇ ಬಿದ್ದು ಸಾಯುತ್ತವೆ. ನಾವು ಜಾಣರು, ತಾರೀಖನ್ನೂ ಓದುತ್ತಿದ್ದೆವು. ಆದರೆ ಓದಿದ ಗಳಿಗೆಗೆ ಯಾವ ದೇಶದ್ದು ಅನ್ನುವ ಗುರುತು ಅಂಟಿಸಿರಲಿಲ್ಲ, ಮತ್ತು ಅದನ್ನು ಮಶೀನಿನ ಗಡಿಯಾರದ ಜೊತೆ ನೇರ ಕಳೆಯುತ್ತಿದ್ದೆವು.

ಲೆಕ್ಕ ಹಾಕಿ ನೋಡಿ. ನಮ್ಮ ಗಡಿಯಾರ 18:05:30. ಸರ್ವರ್ ಹೇಳಿದ್ದು "12:36:00 ಜಿಎಂಟಿ ನಂತರ ಬಾ". ಭಾರತದ ಸಮಯ ಜಿಎಂಟಿಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ಅದು ನಮ್ಮ 18:06:00. ಕಾಯಬೇಕಾದದ್ದು 30 ಸೆಕೆಂಡ್. ನಮ್ಮ ಕೋಡ್ ಕಂಡುಕೊಂಡದ್ದು 12:36:00ರಿಂದ 18:05:30 ಕಳೆದರೆ ಬರುವ ಮೈನಸ್ 5 ಗಂಟೆ 29 ನಿಮಿಷ 30 ಸೆಕೆಂಡ್. 'ಅಸಿಂಕ್‌ಐಒ ಸ್ಲೀಪ್'ಗೆ ಮೈನಸ್ ಸಂಖ್ಯೆ ಕೊಟ್ಟರೆ ಅದು ಜಗಳ ಮಾಡುವುದಿಲ್ಲ, ತಕ್ಷಣ ವಾಪಸ್ ಬರುತ್ತದೆ. "ಅತಿಯಾಯಿತು, ತಡಿ" ಅಂದ ಸರ್ವರ್‌ಗೆ ನಾವು ಆ ಕ್ಷಣವೇ ಮತ್ತೆ ನಾಲ್ಕು ಸಲ ಬಡಿಯುತ್ತಿದ್ದೆವು. ಅದು ಆ ಸಂಜೆಗೆ ನಮ್ಮನ್ನು ಪೂರ್ತಿ ಹೊರಗಿಟ್ಟಿತು. ತಪ್ಪು ಅದರದ್ದಲ್ಲ. ಕ್ಲೌಡ್ ಮಶೀನಿನ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ಜಿಎಂಟಿಯದೇ ಹೊತ್ತು, ಅಲ್ಲಿ ವ್ಯತ್ಯಾಸ ಕಾಣಿಸಲಿಲ್ಲ.

ಪೈಥಾನ್‌ನ ಈಮೇಲ್ ಯುಟಿಲ್ಸ್ ಒಳಗೆ ಇಂಥ ತಾರೀಖನ್ನು ಸರಿಯಾಗಿ, ವಲಯದ ಗುರುತು ಸಮೇತ ಓದುವ ಫಂಕ್ಷನ್ ಇದೆ, 'ಪಾರ್ಸ್‌ಡೇಟ್ ಟು ಡೇಟ್‌ಟೈಮ್'. ಅದರಿಂದ ಓದಿ ಯುಟಿಸಿ ಸಮಯದ ಜೊತೆ ಕಳೆಯಿರಿ. ಬಂದದ್ದು ಸೊನ್ನೆಗಿಂತ ಕಡಿಮೆಯಾದರೆ ನಿಮ್ಮ ಮಾಮೂಲಿ ಕಾಯುವ ಹೊತ್ತನ್ನೇ ಬಳಸಿ. ತೀರಾ ಹೆಚ್ಚಾದರೆ, ಉದಾಹರಣೆಗೆ ಹತ್ತು ನಿಮಿಷ ಅಂದರೆ, ಅದನ್ನು ಒಂದು ನಿಮಿಷಕ್ಕೆ ಮೊಟಕು ಮಾಡಿ ಮತ್ತೆ ಬಡಿಯುವುದಕ್ಕಿಂತ ಆ ರಿಕ್ವೆಸ್ಟ್ ಕೈಬಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬೇಗ ಹೋಗಿ ಮತ್ತೆ 429 ತಿನ್ನುವುದರಲ್ಲಿ ಲಾಭವಿಲ್ಲ.

ಅಂತರ ಇದೆ, ಎಲ್ಲರದ್ದೂ ಒಂದೇ

ಇದನ್ನು ಒಂದು ರಿಕ್ವೆಸ್ಟ್‌ನ ಸಾಲುಗಳಲ್ಲಿ ಹುಡುಕಬೇಡಿ, ಕಾಣುವುದಿಲ್ಲ. ಇಡೀ ಲಾಗನ್ನು ಸಮಯದ ಪ್ರಕಾರ ಜೋಡಿಸಿ. 18:05:02ರಲ್ಲಿ 180 ಸಾಲು, 03ರಲ್ಲಿ ಅಷ್ಟೇ ಗುಂಪು, ಆಮೇಲೆ 05ರಲ್ಲಿ, 09ರಲ್ಲಿ, ನಡುವೆ ಖಾಲಿ. ಕಾಯುವ ಹೊತ್ತು ದುಪ್ಪಟ್ಟಾಗುತ್ತಿದೆ, ಲೆಕ್ಕ ಸರಿಯೇ. ಆದರೆ ಯಾರ್ಡ್ ಗೇಟಿನಲ್ಲಿ ಟ್ರ್ಯಾಕ್ಟರ್‌ಗಳೆಲ್ಲ ಒಟ್ಟಿಗೆ ಹಿಂದೆ ಸರಿದು ಒಟ್ಟಿಗೆ ಮುಂದೆ ನುಗ್ಗಿದ ಹಾಗೆ. ಗೇಟು ಮತ್ತೆ ಜಾಮ್.

ಕಾಯುವ ಹೊತ್ತಿಗೆ ಒಂದಿಷ್ಟು ಲಾಟರಿ ಬೆರೆಸಬೇಕು, ಜಿಟರ್ ಅನ್ನುತ್ತಾರೆ. ಇದು ಹೊಸ ಉಪಾಯವಲ್ಲ. 1970ರ ದಶಕದ ಈಥರ್ನೆಟ್‌ನಲ್ಲೇ, ಒಂದೇ ತಂತಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ ಇಬ್ಬರೂ ಲಾಟರಿ ಎತ್ತಿದಷ್ಟು ಹೊತ್ತು ಕಾದು ಮತ್ತೆ ಶುರು ಮಾಡುತ್ತಿದ್ದರು, ಡಿಕ್ಕಿ ಹೆಚ್ಚಾದಂತೆ ಲಾಟರಿಯ ಮಿತಿ ದುಪ್ಪಟ್ಟು. ನಾನು ಇಡುವ ಲೆಕ್ಕ: ಮೇಲಿನ ಮಿತಿ 2, 4, 8, 16 ಸೆಕೆಂಡ್ ಹೀಗೆ ಏರುತ್ತದೆ, 30 ದಾಟುವುದಿಲ್ಲ. ಅದರ ಅರ್ಧ ಕಡ್ಡಾಯ, ಉಳಿದರ್ಧ ಲಾಟರಿ. ಸೊನ್ನೆಯಿಂದ ಮಿತಿಯವರೆಗೆ ಪೂರ್ತಿ ಲಾಟರಿ ಇರಲಿ ಅನ್ನುವವರಿದ್ದಾರೆ, ಗುಂಪು ಚದುರಿಸಲು ಅದೇ ಇನ್ನೂ ವಾಸಿ. ಆದರೆ ಲಾಗ್‌ನಲ್ಲಿ 0.02 ಸೆಕೆಂಡ್ ಅಂತರ ಕಂಡಾಗೆಲ್ಲ ಇದು ದೋಷವೋ ಲಾಟರಿಯೋ ಅಂತ ಗಾಬರಿಯಾಗುವುದು ನನಗೆ ಬೇಡ.

ಜೊತೆಗೆ ಸೆಮಫೋರ್ ಹಾಕಿ ಒಂದು ಹೊತ್ತಿಗೆ ಹತ್ತೇ ರಿಕ್ವೆಸ್ಟ್ ಅಂತ ಕಟ್ಟಿದೆವು. ಇಲ್ಲೊಂದು ಎಡವಟ್ಟು: ರೀಟ್ರೈ ಪೂರ್ತಿ ಸೆಮಫೋರ್ ಒಳಗಿದ್ದರೆ ಕಾಯುತ್ತಿರುವವರೂ ಜಾಗ ಹಿಡಿದಿರುತ್ತಾರೆ. ಜಗಳೂರಿನ ಹತ್ತು ವಿಳಾಸ ಕೆಟ್ಟರೆ ಆರೋಗ್ಯವಾಗಿರುವ ಹರಿಹರದ್ದೂ ಹೊರಗೇ ನಿಲ್ಲುತ್ತದೆ. ಒಂದೊಂದು ಪ್ರಯತ್ನಕ್ಕೆ ಮಾತ್ರ ಸೆಮಫೋರ್ ಹಿಡಿದು, ಮಲಗುವ ಮೊದಲು ಬಿಡಿ.

ಅಂತರ ವಿಪರೀತ

ಕಾಯಬೇಕಾದದ್ದು ಎರಡು ಸೆಕೆಂಡ್, ಲಾಗ್‌ನಲ್ಲಿ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಬೇರೆ ರಿಕ್ವೆಸ್ಟ್‌ಗಳ ಸಾಲುಗಳಿವೆಯೇ ನೋಡಿ. ಒಂದೂ ಇಲ್ಲದಿದ್ದರೆ ಈವೆಂಟ್ ಲೂಪನ್ನೇ, ಅಂದರೆ ಎಲ್ಲ ಅಸಿಂಕ್ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ಸುತ್ತನ್ನೇ, ಯಾರೋ ಕಟ್ಟಿಹಾಕಿದ್ದಾರೆ. 'ಅಸಿಂಕ್‌ಐಒ ಸ್ಲೀಪ್' ಬದಲು 'ಟೈಮ್ ಸ್ಲೀಪ್' ಬರೆದಿರುತ್ತೀರಿ, ಇಲ್ಲವೇ ಒಳಗೆಲ್ಲೋ ಅಸಿಂಕ್ ಅಲ್ಲದ ಹಳೆಯ ರಿಕ್ವೆಸ್ಟ್ಸ್ ಲೈಬ್ರರಿ ಉಳಿದಿರುತ್ತದೆ. ಒಬ್ಬ ಮಲಗಿದರೆ 180 ಜನವೂ ಮಲಗುತ್ತಾರೆ, ಹದಿನೈದು ಜನ ಎರಡೆರಡು ಸೆಕೆಂಡ್ ಮಲಗಿದರೆ ಅರ್ಧ ನಿಮಿಷ. ಅಸಿಂಕ್‌ಐಒದ ಡಿಬಗ್ ಮೋಡ್ ಆನ್ ಮಾಡಿದರೆ 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಲೂಪ್ ಹಿಡಿದವರನ್ನು ಅದೇ ಹೆಸರು ಹಿಡಿದು ಹೇಳುತ್ತದೆ.

ಬೇರೆಯವರ ಸಾಲುಗಳಿದ್ದು ಇದೊಂದೇ ತಡವಾಗಿದ್ದರೆ, ಹಿಡಿದ ಹೊತ್ತಿನ ಕಾಲಂ ನೋಡಿ. ಅಲ್ಲಿ 300 ಸೆಕೆಂಡ್ ಕಂಡರೆ ಟೈಮ್‌ಔಟ್ ಇಡಲು ಮರೆತಿದ್ದೀರಿ. ಎಐಒ-ಎಚ್‌ಟಿಟಿಪಿ ತಾನಾಗಿ ಇಡುವ ಒಟ್ಟು ಮಿತಿ ಐದು ನಿಮಿಷ. ಆರು ಗಂಟೆಗೆ ಕೇಳಿದ ರೇಟಿಗೆ ಮೂರು ಪ್ರಯತ್ನ ಅಂದರೆ ಕಾಲು ಗಂಟೆ. ನಾವು ಪ್ರಯತ್ನಕ್ಕೆ 8 ಸೆಕೆಂಡ್ ಇಟ್ಟೆವು, ಇಡೀ ರಿಕ್ವೆಸ್ಟ್‌ಗೆ, ಎಲ್ಲ ಪ್ರಯತ್ನ ಸೇರಿ, 60.

ಟೈಮ್‌ಔಟ್ ಇಟ್ಟ ಮೇಲೆ ಇನ್ನೊಂದು ಭೂತ ಎದ್ದಿತು. ನಮ್ಮ ಲಾಗ್‌ನಲ್ಲಿ ಎಷ್ಟೋ ಟೈಮ್‌ಔಟ್, ಆದರೆ ಪರೀಕ್ಷೆಯ ಸರ್ವರ್ ಎಣಿಸಿದ ರಿಕ್ವೆಸ್ಟ್ ಅದಕ್ಕಿಂತ ಕಡಿಮೆ. ಉಳಿದವು ಎಲ್ಲಿ ಹೋದವು? ಹೊರಟೇ ಇರಲಿಲ್ಲ. ಎಐಒ-ಎಚ್‌ಟಿಟಿಪಿಯ ಒಂದು ಸೆಷನ್ ಮಾಮೂಲಾಗಿ 100 ಕನೆಕ್ಷನ್ ಮಾತ್ರ ತೆರೆಯುತ್ತದೆ. 180ರಲ್ಲಿ 80 ಸರದಿಯಲ್ಲಿ ನಿಂತಿರುತ್ತವೆ, ಮತ್ತು ಆ ಒಟ್ಟು ಟೈಮ್‌ಔಟ್ ಸರದಿಯಲ್ಲಿ ನಿಂತ ಹೊತ್ತನ್ನೂ ಎಣಿಸುತ್ತದೆ. ಬಸ್ ಹತ್ತುವ ಮೊದಲೇ ಟಿಕೆಟ್ ಅವಧಿ ಮುಗಿದ ಹಾಗೆ. ಸೆಮಫೋರನ್ನು ಹೊರಗಿಟ್ಟು, ಅದು ಸಿಕ್ಕ ಮೇಲೆ ರಿಕ್ವೆಸ್ಟ್ ಶುರು ಮಾಡಿದರೆ ಇದು ತಾನಾಗಿ ಹೋಗುತ್ತದೆ.

ಕಾಯ್ತೀನಿ ಅಂದವನು ಬರಲೇ ಇಲ್ಲ

18:05:09.402 | ಹೊಸದುರ್ಗ ತೆಂಗಿನಕಾಯಿ | ಪ್ರಯತ್ನ 2 | 503 | 0.40 ಸೆ. | ಕಾಯುವುದು 3.1 ಸೆ.

ಆಮೇಲೆ ಏನೂ ಇಲ್ಲ. ಮೂರನೇ ಪ್ರಯತ್ನವೂ ಇಲ್ಲ, ಸೋತೆ ಅನ್ನುವ ಮಾತೂ ಇಲ್ಲ. ಇಂಥ ಹಲವು ಸಾಲು ಒಟ್ಟಿಗೇ ಅರ್ಧಕ್ಕೆ ನಿಂತಿದ್ದರೆ, ಹಲವು ಕೆಲಸ ಒಟ್ಟಿಗೆ ಓಡಿಸುವ 'ಗ್ಯಾದರ್' ನೋಡಿ. 180ನ್ನೂ ಅದಕ್ಕೆ ಕೊಟ್ಟು ಸುಮ್ಮನಾದರೆ, ಯಾವುದಾದರೂ ಒಂದು ತನ್ನ ಪ್ರಯತ್ನಗಳೆಲ್ಲ ಮುಗಿದು ಎಕ್ಸೆಪ್ಷನ್ ಎಸೆದ ಕ್ಷಣ ಅದು ನೇರ ಮೇಲಕ್ಕೆ ಬರುತ್ತದೆ. ಉಳಿದವು ಆಗಲೂ ಓಡುತ್ತಿರುತ್ತವೆ. ಆದರೆ ಮುಖ್ಯ ಫಂಕ್ಷನ್ ಬಿದ್ದು 'ಅಸಿಂಕ್‌ಐಒ ರನ್' ಮುಗಿಯುವಾಗ ಎಲ್ಲವನ್ನೂ ರದ್ದು ಮಾಡಿ ಬಾಗಿಲು ಹಾಕುತ್ತದೆ. ಹೊಸದುರ್ಗ ಇನ್ನು ಮೂರು ಸೆಕೆಂಡಿನಲ್ಲಿ ಬರುತ್ತಿತ್ತೇನೋ. 'ರಿಟರ್ನ್ ಎಕ್ಸೆಪ್ಷನ್ಸ್' ಟ್ರೂ ಮಾಡಿ, ಬಂದವರಲ್ಲಿ ಸೋತವರನ್ನು ಆಮೇಲೆ ಬೇರ್ಪಡಿಸಿ. ಪೈಥಾನ್ 3.11ರ 'ಟಾಸ್ಕ್ ಗ್ರೂಪ್' ಬಳಸಿದರೆ ಒಬ್ಬ ಬಿದ್ದ ಕೂಡಲೇ ಅದು ಉಳಿದವರನ್ನು ರದ್ದು ಮಾಡುತ್ತದೆ. ಅದರ ಸ್ವಭಾವವೇ ಅದು, ಈ ಕೆಲಸಕ್ಕೆ ಹೊಂದುವುದಿಲ್ಲ.

ಇದರ ತದ್ವಿರುದ್ಧವೂ ಉಂಟು: ರದ್ದು ಮಾಡಿದರೂ ಸಾಯದವನು. ಕಂಟ್ರೋಲ್ ಸಿ ಒತ್ತುತ್ತೀರಿ, ಪ್ರೋಗ್ರಾಂ "ಪ್ರಯತ್ನ 2" ಅನ್ನುತ್ತದೆ. ರದ್ದತಿಯ ಸಂದೇಶವೂ ಒಂದು ಎಕ್ಸೆಪ್ಷನ್, 'ಕ್ಯಾನ್ಸಲ್ಡ್ ಎರರ್'. ಪೈಥಾನ್ 3.8ರಿಂದ ಅದು 'ಬೇಸ್ ಎಕ್ಸೆಪ್ಷನ್' ಕುಟುಂಬಕ್ಕೆ ಹೋಗಿರುವುದರಿಂದ ಮಾಮೂಲಿ 'ಎಕ್ಸೆಪ್ಟ್ ಎಕ್ಸೆಪ್ಷನ್'ಗೆ ಸಿಗುವುದಿಲ್ಲ. ಹೆಸರಿಲ್ಲದ ಬರೀ 'ಎಕ್ಸೆಪ್ಟ್' ಬರೆದಿದ್ದರೆ, ಅಥವಾ ಮೂಲೆಯ ಹಳೇ ಮಶೀನಿನಲ್ಲಿ 3.7 ಇದ್ದರೆ, ಸಿಕ್ಕಿಬೀಳುತ್ತದೆ. ಹಿಡಿಯುವ ತಪ್ಪುಗಳ ಹೆಸರು ಬರೆದೇ ಹಿಡಿಯಿರಿ: ಕನೆಕ್ಷನ್ ಎರರ್, ಟೈಮ್‌ಔಟ್, 429, ಸರ್ವರ್ ಕಡೆಯ ತೊಂದರೆ ಹೇಳುವ 502, 503, 504. ನಾನು 500 ಕೂಡ ಸೇರಿಸುತ್ತೇನೆ. 400, 401, 404 ಬಂದರೆ ತಪ್ಪು ನಮ್ಮ ಕಡೆಯದು, ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಕರೆಂಟ್ ಹೋದಾಗಿನ ಕಥೆ ಸಣ್ಣದು. ರೂಟರ್ ಮತ್ತೆ ಎದ್ದು ಲೈನ್ ಹಿಡಿಯಲು ನಮ್ಮಲ್ಲಿ ಎರಡು ನಿಮಿಷ ಬೇಕು. ಮೂರು ಪ್ರಯತ್ನವೂ ಹತ್ತು ಸೆಕೆಂಡಿನೊಳಗೆ ಮುಗಿದುಹೋಗುವ ರೀಟ್ರೈ ಅದಕ್ಕೆ ಏನೂ ಮಾಡಲಾರದು. ಒಂದೊಂದು ರಿಕ್ವೆಸ್ಟ್‌ನ ಪ್ರಯತ್ನ ಹೆಚ್ಚಿಸುವ ಬದಲು, ಸೋತವರ ಪಟ್ಟಿ ಇಟ್ಟುಕೊಂಡು 6:15ಕ್ಕೆ ಮತ್ತೊಂದು ಸುತ್ತು ಓಡಿಸಿದೆವು.

ಸರ್ವರ್ ಎಣಿಸಿದ್ದು ನಮ್ಮ ಲಾಗ್‌ಗಿಂತ ಹೆಚ್ಚಾದರೆ ರೀಟ್ರೈ ಎರಡು ಮೂರು ಪದರಗಳಲ್ಲಿದೆ. ನಮ್ಮ ಕೋಡ್‌ನಲ್ಲಿ ಮೂರು ಪ್ರಯತ್ನ, ಅದರ ಕೆಳಗಿನ ಲೈಬ್ರರಿಯಲ್ಲಿ ಮೂರು, ನಡುವೆ ರಿಕ್ವೆಸ್ಟ್ ದಾಟಿಸುವ ಪ್ರಾಕ್ಸಿಯಲ್ಲಿ ಮೂರು ಅಂದರೆ ಗುಣಾಕಾರ, 27. ದುರ್ಗದ ಕೋಟೆಗೆ ಏಳು ಸುತ್ತು ಇರಲಿ, ರೀಟ್ರೈಗೆ ಒಂದು ಸುತ್ತು ಸಾಕು.

ಮೂರು ಸಲ ಬಂದ ಮೆಸೇಜ್

ರೇಟ್ ಬಂದ ಮೇಲೆ ಪ್ರೋಗ್ರಾಂ ಅದನ್ನು ರೈತರಿಗೆ ಎಸ್‌ಎಂಎಸ್ ಮಾಡುತ್ತದೆ. ರೀಟ್ರೈ ಚೆನ್ನಾಗಿ ಓಡಲು ಶುರುವಾದ ವಾರವೇ ಜಗಳೂರು ಕಡೆಯ ಒಬ್ಬ ಹಿರಿಯರು ಫೋನ್ ಮಾಡಿದರು. "ತಮ್ಮಾ, ಒಂದೇ ರೇಟ್ ಮೂರು ಸರಿ ಕಳ್ಸೀಯಲ್ಲಪ್ಪ, ಮೂರು ಸರಿ ಕಳ್ಸಿದ್ರೆ ಜಾಸ್ತಿ ಆಗ್ತೈತೇನು?"

ಲಾಗ್‌ನಲ್ಲಿ ಪ್ರಯತ್ನ 1 ಟೈಮ್‌ಔಟ್, 2 ಟೈಮ್‌ಔಟ್, 3 ಸರಿ. ಅಂತರವೂ ಚೊಕ್ಕ. ಲಾಗ್ ಓದಿ ಹಿಡಿಯಲಾಗದ ದೋಷ ಇದೊಂದೇ. ಟೈಮ್‌ಔಟ್ ಅಂದರೆ ಕೆಲಸ ಆಗಲಿಲ್ಲ ಅಂತ ನಾವು ಓದಿಕೊಂಡೆವು. ಅದರ ಅರ್ಥ ಉತ್ತರ ಬರಲಿಲ್ಲ ಅಂತ ಮಾತ್ರ. ಎಸ್‌ಎಂಎಸ್ ತಲುಪಿಸಿಕೊಡುವ ಮೆಸೇಜ್ ಗೇಟ್‌ವೇ ಮೂರು ಸಲವೂ ಕೆಲಸ ಮುಗಿಸಿತ್ತು, ಹೇಳಲು ತಡಮಾಡಿತ್ತು.

2022ರ ಆರ್‌ಎಫ್‌ಸಿ 9110, ಎಚ್‌ಟಿಟಿಪಿಯ ಸದ್ಯದ ಮೂಲ ದಾಖಲೆ, ಇದನ್ನು ಬಿಡಿಸಿ ಹೇಳುತ್ತದೆ. ಗೆಟ್, ಹೆಡ್, ಪುಟ್, ಡಿಲೀಟ್ ಅನ್ನುವ ಬಗೆಯ ರಿಕ್ವೆಸ್ಟ್‌ಗಳನ್ನು ಎಷ್ಟು ಸಲ ಮಾಡಿದರೂ ಒಮ್ಮೆ ಮಾಡಿದಷ್ಟೇ ಪರಿಣಾಮ ಇರಬೇಕು, ಹಾಗಾಗಿ ತಾನಾಗಿ ಮತ್ತೆ ಕಳಿಸಬಹುದು. ಪೋಸ್ಟ್‌ಗೆ ಆ ಭರವಸೆ ಇಲ್ಲ. ರೇಟ್ ಕೇಳುವುದು ಗೆಟ್, ಮೆಸೇಜ್ ಕಳಿಸುವುದು ಪೋಸ್ಟ್, ನಾವು ಎರಡಕ್ಕೂ ಒಂದೇ ರೀಟ್ರೈ ತೊಡಿಸಿದ್ದೆವು.

ಗೇಟ್‌ವೇ ಒಪ್ಪುವುದಾದರೆ ಒಂದೊಂದು ಮೆಸೇಜಿಗೂ ಒಂದು ಗುರುತಿನ ಸಂಖ್ಯೆ ಕಟ್ಟಿ ಕಳಿಸಬಹುದು, ಅದೇ ಸಂಖ್ಯೆ ಮತ್ತೆ ಬಂದರೆ ಅದು ಎರಡನೇ ಸಲ ಕೆಲಸ ಮಾಡುವುದಿಲ್ಲ. ಸಂಖ್ಯೆಯನ್ನು ರೀಟ್ರೈ ಲೂಪಿನ ಹೊರಗೆ ಹುಟ್ಟಿಸಬೇಕು. ಒಳಗೆ ಹುಟ್ಟಿಸಿದರೆ ಪ್ರಯತ್ನಕ್ಕೊಂದು ಹೊಸ ಸಂಖ್ಯೆಯಾಗಿ, ಕಟ್ಟಿದ್ದೂ ವ್ಯರ್ಥ. ಹುಡುಗ ಮೊದಲ ಸಲ ಒಳಗೇ ಇಟ್ಟಿದ್ದ. ನಮ್ಮ ಗೇಟ್‌ವೇ ಹೇಗೂ ಇದನ್ನು ಒಪ್ಪಲಿಲ್ಲ. ಕೊನೆಗೆ ಮಾಡಿದ್ದಿಷ್ಟು: ಕನೆಕ್ಷನ್ನೇ ಸಿಗದಿದ್ದರೆ, ಅಂದರೆ ರಿಕ್ವೆಸ್ಟ್ ಹೊರಟಿಲ್ಲ ಅಂತ ಖಾತ್ರಿಯಿದ್ದರೆ ಮಾತ್ರ ಮತ್ತೆ ಕಳಿಸುವುದು. ಹೊರಟ ಮೇಲೆ ಟೈಮ್‌ಔಟ್ ಆದರೆ ಬಿಟ್ಟುಬಿಡುವುದು. ಒಂದು ದಿನದ ರೇಟ್ ಒಬ್ಬರಿಗೆ ಹೋಗದಿರಬಹುದು, ಆಗ ಅವರೇ ಫೋನ್ ಮಾಡುತ್ತಾರೆ.

ದಲ್ಲಾಳಿಯವರ ಪರದೆಯಲ್ಲಿ ಈಗ ರೇಟಿನ ಪಕ್ಕ ತಾರೀಖು ಬರುತ್ತದೆ, ಹಳೆಯದಾದರೆ ಕೆಂಪು ಅಕ್ಷರದಲ್ಲಿ. ಎರಡು ಸಾಲಿನ ಕೋಡ್. ಆರೂಕಾಲಿನ ಫೋನ್ ನಿಂತದ್ದರಲ್ಲಿ ಇಷ್ಟೆಲ್ಲ ರಿಪೇರಿಗಿಂತ ಅದರ ಪಾಲೇ ದೊಡ್ಡದು ಅಂತ ಹುಡುಗ ಹೇಳುತ್ತಾನೆ, ನಾನು ಒಪ್ಪಿಕೊಂಡಿಲ್ಲ.